ಜ್ವಾಲಾಮುಖಿಯ ಸರೋವರಕ್ಕೆ ಎರಡನೆಯ ಸಲ

ಪ್ರವಾಸ ಕಥನಗಳಲ್ಲಿ ಹೋದದ್ದು, ನೋಡಿದ್ದು, ಬಂದದ್ದು ಇರುತ್ತವೆ. ಹೊರಡುವ ಮುಂಚಿನ ಚಿಂತೆ ಸಾಮಾನ್ಯವಾಗಿ ಇರುವುದಿಲ್ಲ. ನಾನು ಇಲ್ಲಿ ಬರೆಯಹೊರಟಿರುವುದು ಹೆಚ್ಚಾಗಿ ಆ ಚಿಂತೆಯನ್ನೇ. ಕಾರಣವೂ ಉಂಟು. ಅಮೆರಿಕದ ಆರೆಗನ್ ರಾಜ್ಯದಲ್ಲಿರುವ ಕ್ರೇಟರ್ ಲೇಕ್ ಎಂಬ ಸರೋವರವನ್ನು ನೋಡಲೆಂದು 2019ರಲ್ಲಿ ನಾವು ಯಾವ ಸಿದ್ಧತೆಯೂ ಇಲ್ಲದೆ ಹೋಗಿ, ಸರೋವರವನ್ನು ಕಾಣದೆಯೇ ಮರಳಿ ಬಂದವರು.

ನಮ್ಮ ಹಿರಿಯ ಮಗ ಆ ರಾಜ್ಯದ ಪೋರ್ಟ್‌ಲೆಂಡ್ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. ಆ ವರ್ಷ ಜೂನ್ ಮೊದಲ ವಾರದಲ್ಲಿ, ಎರಡು ದಿನ ರಜೆ ದೊರಕಿತೆಂದು ನಮ್ಮಿಬ್ಬರನ್ನೂ ಕಾರಿನಲ್ಲಿ ಕೂಡಿಸಿಕೊಂಡು ಹೊರಟೇಬಿಟ್ಟ. ಅಕ್ಕಲಕೋಟೆಯ ಕಡೆಯವರಾದ ನಮಗೆ ಜೂನ್ ಎಂದರೆ ಮಿರಗದ ಮಳೆ, ಬಿತ್ತನೆಗೆ ಹದವಾದ ಹೊಲ. ಅಲ್ಲಿ ಮಾತ್ರ ರಸ್ತೆಯ ಇಕ್ಕೆಲಗಳಲ್ಲಿ ಆಳೆತ್ತರದ ಹಿಮ ಇನ್ನೂ ನಿಂತಿತ್ತು. ಸರೋವರವನ್ನು ಸುತ್ತುವ 33 ಮೈಲಿನ ರಸ್ತೆಯ ಬಹುಭಾಗ ಮುಚ್ಚಿತ್ತು. ಕಟಕಟೆಯ ಬಳಿ ಹೋಗಿ ನಿಂತರೆ ಮುಂದೆ ಮಂಜು, ಕೆಳಗೆ ಮಂಜು. ಎರಡು ಗಂಟೆ ಕಾದೆವು. ಹಲ್ಲು ಕಟಕಟಿಸುತ್ತ ನಿಂತಿದ್ದ ನನ್ನ ಮನೆಯಾಕೆ ಕೊನೆಗೆ, "ಇಲ್ಲಿ ಕೆರಿ ಐತಂತ ಯಾರು ಹೇಳ್ಯಾರ್ರೀ?" ಎಂದು ಕೇಳಿದಳು. ಮಗ ನಕ್ಕ, ನಾನೂ ನಕ್ಕೆ. ಆಕೆ ನಗಲಿಲ್ಲ.

ಆಕೆ ನಗದಿದ್ದುದರ ಕಾರಣವನ್ನು ಹೇಳಬೇಕು. 1972ರ ಬರಗಾಲದಲ್ಲಿ ಆಕೆ 16 ವರ್ಷದ ಹುಡುಗಿ. ಸೊಲ್ಲಾಪುರ ಜಿಲ್ಲೆಯ ಊರೂರುಗಳಲ್ಲಿ ಜನ ಬರಗಾಲದ ಕಾಮಗಾರಿಗೆ ಹೋಗಿ ಖಡಿ ಒಡೆದು ಹೊಟ್ಟೆ ಹೊರೆದ ಕಾಲವದು. ಆಕೆಯೂ ತಂದೆಯ ಜೊತೆ ಖಡಿ ಒಡೆದಳು. ಸಂಜೆ ಬತ್ತಿದ ಬಾವಿಯ ತಳಕ್ಕಿಳಿದು ಬಟ್ಟಲಿನಿಂದ ಕೊಡ ತುಂಬಿದಳು. ಅಂದಿನಿಂದ ಎಲ್ಲಿ ನೀರು ಕಂಡರೂ ಕೆಳಗಿಳಿದು ಒಮ್ಮೆ ಕೈ ತೋಯಿಸಿಕೊಳ್ಳದೆ ಆಕೆ ಮುಂದೆ ಹೋದದ್ದನ್ನು ನಾನು ಕಂಡಿಲ್ಲ. ಸೊಲ್ಲಾಪುರಕ್ಕೆ ಹೋದಾಗಲೆಲ್ಲ, ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮೇಶ್ವರರು ಕಟ್ಟಿಸಿದ ಕೆರೆಯ ಮೆಟ್ಟಿಲಿಳಿಯದೆ ನಾವು ಬಸ್ಸು ಹತ್ತಿದವರಲ್ಲ. ಅಷ್ಟು ದೂರ ಹೋಗಿ, ಲೋಕದ ಆಳವಾದ ಸರೋವರಗಳಲ್ಲೊಂದರ ದಂಡೆಯಲ್ಲಿ ನಿಂತು, ಒಂದು ಹನಿಯನ್ನೂ ಕಾಣದೆ ಬಂದದ್ದು ಆಕೆಯ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು.

ಮುಂದೆ ಸಾಂಕ್ರಾಮಿಕದ ವರ್ಷಗಳು ಬಂದವು. 2021ರಲ್ಲಿ ನನ್ನ ಹೃದಯದ ರಕ್ತನಾಳಕ್ಕೆ ಎರಡು ಸ್ಟೆಂಟ್ ಕೂಡಿಸಿದರು. ಇನ್ನು ದೂರದ ಪ್ರಯಾಣ ಸಾಕೆಂದು ನಾನು ತೀರ್ಮಾನಿಸಿದ್ದೆ. 2023ರಲ್ಲಿ ಮಗ ಮತ್ತೆ ಕರೆದಾಗ ಮನೆಯಾಕೆ ಇಟ್ಟ ಷರತ್ತು ಒಂದೇ: "ಆ ಕೆರಿ ತೋರಿಸ್ತೀನಿ ಅಂದ್ರ ಬರ್ತೀನಿ."

ಈ ಸಲ ನಾನು ಒಂದು ನೋಟುಪುಸ್ತಕ ಕೊಂಡೆ. 34 ವರ್ಷ ಕನ್ನಡ ಶಾಲೆಯಲ್ಲಿ ಪಾಠದ ಟಿಪ್ಪಣಿ ಬರೆದ ಕೈ, ಸುಮ್ಮನಿರಲಿಲ್ಲ.

ಮೊದಲು ಆ ಸರೋವರ ಹುಟ್ಟಿದ ಬಗೆಯನ್ನು ಬರೆದುಕೊಂಡೆ. ಅಲ್ಲಿ ಹಿಂದೆ ಇದ್ದುದು ಸರೋವರವಲ್ಲ, ಪರ್ವತ. ಅದನ್ನು ಮಜಾಮಾ ಎಂದು ಕರೆಯುತ್ತಾರೆ. ಎತ್ತರ ಸುಮಾರು 12,000 ಅಡಿ ಇದ್ದಿರಬೇಕೆಂದು ಅಂದಾಜು. ಸುಮಾರು 7,700 ವರ್ಷಗಳ ಹಿಂದೆ ಆ ಜ್ವಾಲಾಮುಖಿ ಸಿಡಿದು, ಒಳಗಿನ ಕರಗಿದ ಶಿಲೆಯನ್ನೆಲ್ಲ ಹೊರಗೆ ಕಾರಿತು. ಒಡಲು ಬರಿದಾದ ಪರ್ವತದ ನೆತ್ತಿ ತನ್ನ ಭಾರಕ್ಕೆ ತಾನೇ ಒಳಗೆ ಕುಸಿಯಿತು. ಜೋಳವನ್ನೆಲ್ಲ ತೆಗೆದ ಮೇಲೆ ಹಳೆಯ ಹಗೇವಿನ ಬಾಯಿ ಒಳಕ್ಕೆ ಕುಸಿಯುವುದನ್ನು ಕಂಡವರಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ. ಹಾಗೆ ಉಂಟಾದ ಐದಾರು ಮೈಲು ಅಗಲದ ಕುಳಿಯಲ್ಲಿ ಮಳೆಯೂ ಹಿಮವೂ ಬಿದ್ದು ಬಿದ್ದು, ಏಳು ಶತಮಾನಕ್ಕೂ ಮೇಲ್ಪಟ್ಟ ಕಾಲದಲ್ಲಿ ನೀರು ಈಗಿನ ಮಟ್ಟಕ್ಕೆ ನಿಂತಿತೆಂದು ಹೇಳುತ್ತಾರೆ. ಆಳ 1,943 ಅಡಿ. ಒಂದು ನದಿಯೂ ಅದರೊಳಗೆ ಬೀಳುವುದಿಲ್ಲ, ಒಂದು ತೊರೆಯೂ ಹೊರಗೆ ಹೋಗುವುದಿಲ್ಲ. ಬಂದಷ್ಟು ನೀರು ಆವಿಯಾಗಿ, ಬಂಡೆಗಳಲ್ಲಿ ಜಿನುಗಿ ಕಳೆಯುತ್ತದೆ. ಹೊರಗಿನ ಹೊಳೆ ಹೂಳನ್ನು ಹೊತ್ತು ತರದ ಕಾರಣ ನೀರು ಅಷ್ಟು ತಿಳಿ, ಅಷ್ಟು ನೀಲಿ.

ಇದನ್ನು ಓದಿ ಹೇಳಿದಾಗ ಮನೆಯಾಕೆ ಕೇಳಿದ ಪ್ರಶ್ನೆ: "ಎಷ್ಟು ಊರು ಆ ನೀರು ಕುಡೀತಾವ?" ಒಂದೂ ಇಲ್ಲ, ಒಂದು ಎಕರೆ ಹೊಲಕ್ಕೂ ಅದನ್ನು ಹರಿಸುವುದಿಲ್ಲ ಎಂದೆ. ಆಕೆ ಬಹಳ ಹೊತ್ತು ಮಾತಾಡಲಿಲ್ಲ. ನಮ್ಮ ಕಾಲ ಕೆಳಗಿನ ಕರಿಕಲ್ಲೂ 6 ಕೋಟಿ 60 ಲಕ್ಷ ವರ್ಷಗಳಷ್ಟು ಹಿಂದೆ ಹರಿದ ಲಾವಾರಸವೇ, ನಮ್ಮ ಎರೆಭೂಮಿ ಅದೇ ಕಲ್ಲು ಸವೆದು ಆದದ್ದು ಎಂದು ನಾನು ಮೇಷ್ಟ್ರ ಧಾಟಿಯಲ್ಲಿ ಸೇರಿಸಿದೆ. "ಹಂಗಾದ್ರ ನಮಗ ಕಲ್ಲಷ್ಟ ಬಂತು, ನೀರು ಅವರಿಗೆ ಹೋತು," ಎಂದಳು.

ಆ ಸ್ಥಳ ನಿರ್ಜನವಾಗಿಯೂ ಇರಲಿಲ್ಲ. ಈಶಾನ್ಯಕ್ಕಿರುವ ಫೋರ್ಟ್ ರಾಕ್‌ನ ಗವಿಯಲ್ಲಿ 1938ರಲ್ಲಿ ಅಗೆದಾಗ, ಮಜಾಮಾದ ಬೂದಿಯ ಪದರದ ಕೆಳಗೆ ನಾರಿನಿಂದ ಹೆಣೆದ ಹತ್ತಾರು ಪಾದರಕ್ಷೆಗಳು ದೊರೆತವು. ಅಲ್ಲಿಯ ಮೂಲನಿವಾಸಿಗಳಾದ ಕ್ಲಾಮತ್ ಜನರು ಈ ಸರೋವರವನ್ನು ಗೀವಾಸ್ ಎಂದು ಕರೆದು ಪವಿತ್ರವೆಂದು ಭಾವಿಸುತ್ತಾರೆ. ಪಾತಾಳದ ಅಧಿಪತಿ ಲಾವೊ, ಮೇಲಿನ ಲೋಕದ ಅಧಿಪತಿ ಸ್ಕೆಲ್ ಇವರ ಯುದ್ಧದಲ್ಲಿ ಪರ್ವತ ಕುಸಿಯಿತೆಂಬ ಕಥೆ ಅವರಲ್ಲಿದೆ. ಬಿಳಿಯರು ಅದನ್ನು ಕಂಡದ್ದು 1853ರಲ್ಲಿ, ಚಿನ್ನ ಹುಡುಕುತ್ತ ಅಲೆದಾಗ.

ನನಗೆ ಬಹಳ ಹಿಡಿಸಿದವನು ವಿಲಿಯಂ ಗ್ಲ್ಯಾಡ್‌ಸ್ಟನ್ ಸ್ಟೀಲ್. ಕನ್ಸಾಸಿನಲ್ಲಿ ಶಾಲೆಗೆ ಹೋಗುವ ಹುಡುಗನಾಗಿದ್ದಾಗ, ಬುತ್ತಿಗೆ ಸುತ್ತಿದ್ದ ವೃತ್ತಪತ್ರಿಕೆಯಲ್ಲಿ ಈ ಸರೋವರದ ಸುದ್ದಿಯನ್ನು ಓದಿದೆನೆಂದು ಆತನೇ ಹೇಳಿಕೊಂಡಿದ್ದಾನೆ. ನೋಡಲು ಸಾಧ್ಯವಾದದ್ದು 1885ರಲ್ಲಿ. ಮರುವರ್ಷ ಆಳ ಅಳೆಯಲು ಬಂದ ತಂಡದಲ್ಲಿ ಅವನೂ ಇದ್ದ; ಪಿಯಾನೊ ವಾದ್ಯದ ತಂತಿಗೆ ಭಾರ ಕಟ್ಟಿ ಇಳಿಸಿ ಅವರು ಕಂಡ ಲೆಕ್ಕ 1,996 ಅಡಿ. ಇಂದಿನ ಅಳತೆಗೂ ಅದಕ್ಕೂ ಇರುವ ಅಂತರ 53 ಅಡಿ ಮಾತ್ರ! ಅವನ ದೀರ್ಘಕಾಲದ ಪ್ರಯತ್ನದಿಂದ 1902ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಬುತ್ತಿಯ ಕಾಗದವನ್ನು ಓದುವ ಹುಡುಗರು ನನ್ನ ತರಗತಿಯಲ್ಲೂ ಇದ್ದರು. ಅವರನ್ನು ನಾನು ಗದರಿಸಿದ್ದುಂಟು.

ಇನ್ನು ಯಾವ ತಿಂಗಳು? ಇದೇ ದೊಡ್ಡ ಜಿಜ್ಞಾಸೆಯಾಯಿತು. ಅಲ್ಲಿ ವರ್ಷಕ್ಕೆ ಸರಾಸರಿ 42 ಅಡಿಯಷ್ಟು ಹಿಮ ಬೀಳುತ್ತದೆ. ಜೂನ್ ಕೂಡದು, ಅದನ್ನು ಅನುಭವಿಸಿ ಆಗಿತ್ತು. ಜುಲೈಯಲ್ಲಿ ಹಿಮ ಕರಗಿದ ತೇವಕ್ಕೆ ಸೊಳ್ಳೆಗಳ ಹಾವಳಿ. ಆಗಸ್ಟಿನಲ್ಲಿ ಕಾಡ್ಗಿಚ್ಚಿನ ಭಯ. ದೂರದಲ್ಲೆಲ್ಲೋ ಉರಿದರೂ ಹೊಗೆ ಬಂದು ಕುಳಿಯಲ್ಲಿ ತುಂಬಿ ಎದುರಿನ ದಂಡೆ ಕಾಣದಂತಾಗುತ್ತದೆ. ಸೆಪ್ಟೆಂಬರ್ ಕಳೆದರೆ ಮತ್ತೆ ಹಿಮ. ಮಗ ಆಗಸ್ಟ್ ಎಂದ, ನಾನು ಸೆಪ್ಟೆಂಬರ್ ಎರಡನೆಯ ವಾರ ಎಂದೆ. ಅಷ್ಟರಲ್ಲಿ ಅಲ್ಲಿಯ ಬೇಸಿಗೆ ರಜೆ ಮುಗಿದು ಜನಸಂದಣಿಯೂ ಇಳಿದಿರುತ್ತದೆ. ನನ್ನ ಮಾತು ನಡೆಯಿತು.

ಸರೋವರದ ಕುಳಿಯೊಳಗೆ ಬಿಡಾರ ಹೂಡಲು ಅನುಮತಿಯಿಲ್ಲ. ದಂಡೆಯಿಂದ ಸುಮಾರು ಏಳು ಮೈಲು ಕೆಳಗೆ, 6,000 ಅಡಿ ಎತ್ತರದಲ್ಲಿ, ಪೈನ್ ಮರಗಳ ನಡುವೆ ಮಜಾಮಾ ಎಂಬ ಹೆಸರಿನದೇ ಬಿಡಾರದ ಮೈದಾನವಿದೆ. ಡೇರೆಯ ಜಾಗವನ್ನು ತಿಂಗಳುಗಳ ಮುಂಚೆಯೇ ಕಾಯ್ದಿರಿಸಿದೆವು. ದಿನ ಕಳೆದಂತೆ ನೋಟುಪುಸ್ತಕ ದಪ್ಪವಾಯಿತು. ಆ ಎತ್ತರದಲ್ಲಿ ನೀರು ಸುಮಾರು 94 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಬೇಳೆ ಬೇಗ ಬೇಯುವುದಿಲ್ಲ. ಚಿಕ್ಕ ಕುಕ್ಕರು ಬೇಕೇ ಬೇಕು. ಬೆಂಕಿಯ ಅಪಾಯವಿರುವ ದಿನಗಳಲ್ಲಿ ಕಟ್ಟಿಗೆಯ ಒಲೆಗೆ ನಿಷೇಧವಿರುತ್ತದೆ. ಗ್ಯಾಸಿನ ಒಲೆ ಇರಲಿ. ಕಾಡಿನಲ್ಲಿ ಕರಡಿಗಳಿವೆ, ಊಟದ ಪದಾರ್ಥವಷ್ಟೇ ಅಲ್ಲ, ಸಾಬೂನು, ಹಲ್ಲುಜ್ಜುವ ಪೇಸ್ಟು ಕೂಡ ಡೇರೆಯಲ್ಲಿ ಇಡಕೂಡದು, ಕಬ್ಬಿಣದ ಪೆಟ್ಟಿಗೆಯಲ್ಲಿ ಭದ್ರಪಡಿಸಬೇಕು. ಕಟಕರೊಟ್ಟಿಯ ವಿಷಯದಲ್ಲಿ ಚಿಂತೆಯಿರಲಿಲ್ಲ. ಬೆಳ್ಳುಳ್ಳಿ ಕುಟ್ಟಿದ ನಮ್ಮ ಶೇಂಗಾ ಚಟ್ನಿಯ ವಾಸನೆಯನ್ನು ಯಾವ ಕರಡಿ ತಾನೇ ಅಲಕ್ಷಿಸೀತು ಎಂಬ ಚಿಂತೆ ಮಾತ್ರ ಇತ್ತು.

ಹೊದಿಕೆಯ ಬಗ್ಗೆ ತಾಯಿ-ಮಗನಿಗೆ ಸಣ್ಣ ಜಗಳವೇ ಆಯಿತು. ಊರಿನಿಂದ ತಂದಿದ್ದ ಎರಡು ಸೊಲ್ಲಾಪುರ ಚಾದರಗಳನ್ನು ಒಯ್ಯಲೇಬೇಕೆಂದು ಆಕೆ; ಮಲಗುವ ಚೀಲಗಳಿರುವಾಗ ಅವೇಕೆಂದು ಅವನು. ರಾತ್ರಿಯ ಚಳಿ ನೀರು ಹೆಪ್ಪುಗಟ್ಟುವ ಮಟ್ಟದ ಸಮೀಪಕ್ಕೆ ಇಳಿಯಬಲ್ಲದು, ತೇವವಾದ ಹತ್ತಿ ಬಿಸಿ ಹಿಡಿಯುವುದಿಲ್ಲ ಎಂದು ಅವನ ವಾದ. "ನಿನ್ನ ತೊಟ್ಟಿಲಕ್ಕ ಹಾಸಿದ್ದು ಇದನ್ನ," ಎಂದಳು. ಚಾದರಗಳು ಕಾರಿನಲ್ಲಿ ಸೇರಿದವು. ಆದರೆ ಅವನು ಹೇಳಿದ ಒಂದು ಮಾತು ಸತ್ಯವೆಂದು ಮುಂದೆ ಗೊತ್ತಾಯಿತು: ಚಳಿ ಮೇಲಿನಿಂದ ಬರುವುದಕ್ಕಿಂತ ಹೆಚ್ಚಾಗಿ ನೆಲದಿಂದ ಬರುತ್ತದೆ. ಮಲಗುವವರು ಹೊದಿಕೆಗಿಂತ ಮೊದಲು ಹಾಸಿಗೆಯ ಯೋಚನೆ ಮಾಡಬೇಕು.

ಕೊನೆಗೆ ಉಳಿದದ್ದು ನೀರಿನ ಪ್ರಶ್ನೆ. ಸುತ್ತಲೂ ಕಡಿದಾದ ಗೋಡೆಯಂಥ ಬಂಡೆಗಳಿರುವುದರಿಂದ ನೀರಿನವರೆಗೆ ಇಳಿಯಲು ಒಂದೇ ಕಾಲುಹಾದಿ, ಉತ್ತರ ದಂಡೆಯ ಕ್ಲೀಟ್‌ವುಡ್ ಕೋವ್. ಉದ್ದ ಮೈಲಿಗಿಂತ ತುಸು ಹೆಚ್ಚು. ಇಳಿತ 700 ಅಡಿ. ಮರಳಿ ಹತ್ತುವುದೆಂದರೆ 65 ಅಂತಸ್ತಿನ ಮೆಟ್ಟಿಲು ಏರಿದಂತೆ, ಹೃದಯದ ಅಥವಾ ಉಸಿರಿನ ತೊಂದರೆಯವರು ಇಳಿಯದಿರುವುದು ಲೇಸು ಎಂದು ಉದ್ಯಾನದವರೇ ಎಚ್ಚರಿಸುತ್ತಾರೆ. (ಈ ಹಾದಿಯನ್ನು ದುರಸ್ತಿಗಾಗಿ 2026ರಿಂದ ಕೆಲವು ವರ್ಷ ಮುಚ್ಚುವುದಾಗಿ ಪ್ರಕಟಿಸಿದ್ದಾರೆ, ಮುಂದೆ ಹೋಗುವ ಬಂಧುಗಳು ಮೊದಲೇ ವಿಚಾರಿಸಿಕೊಳ್ಳಬೇಕು.) ಹೃದಯ ನನ್ನದು, ಮೊಣಕಾಲು ಆಕೆಯದು. ಮೇಲಿನಿಂದಲೇ ನೋಡಿ ಬರೋಣವೆಂದು ನಾನು ಪುಸ್ತಕದಲ್ಲಿ ಬರೆದೆ. ಆಕೆ ಅದನ್ನು ಓದಿದಳು, ಏನೂ ಅನ್ನಲಿಲ್ಲ. ಮರುದಿನ ಬೆಳಿಗ್ಗೆ ಮಗನ ಕಟ್ಟಡದ ಮೂರು ಅಂತಸ್ತಿನ ಮೆಟ್ಟಿಲುಗಳಲ್ಲಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ಏರಿ ಇಳಿಯತೊಡಗಿದ್ದಳು. ಮೊದಲ ದಿನ ಎರಡು ಸಲ. ಎರಡು ತಿಂಗಳಲ್ಲಿ ಹದಿನೈದು ಸಲ. ಲೆಕ್ಕವನ್ನು ನನ್ನ ಪುಸ್ತಕದ ಹಿಂಪುಟದಲ್ಲಿ ತಾನೇ ಬರೆದಿಡುತ್ತಿದ್ದಳು.

ಹೊರಟದ್ದು ಶುಕ್ರವಾರ. ಸುಮಾರು 250 ಮೈಲಿನ ದಾರಿ. ಆ ರಾತ್ರಿ ಡೇರೆಯ ಹೊರಗೆ, ನಮ್ಮೂರಿಗೆ ವಿದ್ಯುತ್ ಬರುವ ಮುಂಚೆ ಕಾಣುತ್ತಿದ್ದಷ್ಟು ನಕ್ಷತ್ರಗಳನ್ನು ಕಂಡೆ. ಕರಡಿ ಬರಲಿಲ್ಲ.

ಶನಿವಾರ ಬೆಳಿಗ್ಗೆ ದಂಡೆಯನ್ನೇರಿದಾಗ ಮಂಜಿರಲಿಲ್ಲ, ಹೊಗೆಯಿರಲಿಲ್ಲ. ಅದರ ನೀಲಿಯನ್ನು ವರ್ಣಿಸುವ ಸಾಹಸಕ್ಕೆ ನಾನು ಹೋಗುವುದಿಲ್ಲ. ಮೊಮ್ಮಗಳು ಯಾರೋ ಇಂಕು ಸುರಿದಿದ್ದಾರೆಯೇ ಎಂದು ಕೇಳಿದಳು. ನಡುವೆ ವಿಝರ್ಡ್ ದ್ವೀಪ ಎಂಬ ಮರಿ ಜ್ವಾಲಾಮುಖಿ ನೀರಿನಿಂದ 750 ಅಡಿಗೂ ಮೇಲೆದ್ದು ನಿಂತಿದೆ. 1896ರಿಂದಲೂ ನೆಟ್ಟಗೆ ನಿಂತು ತೇಲುತ್ತ ಅಲೆಯುವ 30 ಅಡಿಯ ಮರದ ದಿಮ್ಮಿಯೊಂದು ಅಲ್ಲಿದೆ. ಮುದುಕನೆಂದು ಅದಕ್ಕೆ ಹೆಸರು. ಅದನ್ನು ಹುಡುಕಿದೆ, ಸಿಕ್ಕಲಿಲ್ಲ.

ಕ್ಲೀಟ್‌ವುಡ್ಡಿನ ಹಾದಿಯ ಬಾಯಲ್ಲಿ ಎಚ್ಚರಿಕೆಯ ಫಲಕವನ್ನು ಮಗ ಮತ್ತೊಮ್ಮೆ ಓದಿ ಹೇಳಿದ. "ನೀವು ಇಲ್ಲೇ ಕೂಡ್ರಿ," ಎಂದು ಆಕೆ ಚಾದರವನ್ನು ಒಂದು ಮರದ ನೆರಳಲ್ಲಿ ಹಾಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಗನ ಕೈ ಹಿಡಿದು ಇಳಿದಳು. ತಿರುವಿನಿಂದ ತಿರುವಿಗೆ ಆ ಹಸಿರು ಸೀರೆ ಚಿಕ್ಕದಾಗುತ್ತ ಹೋಗಿ ಮರೆಯಾಯಿತು. ಸೊಸೆ ಥರ್ಮಾಸಿನಿಂದ ಚಹಾ ಬಗ್ಗಿಸಿ ಕೊಟ್ಟಳು, ಕುಡಿಯಲು ಮನಸ್ಸಾಗಲಿಲ್ಲ. ಹತ್ತಿ ಬರುವವರನ್ನೆಲ್ಲ ದಿಟ್ಟಿಸುತ್ತ ಕುಳಿತೆ. ತರುಣರೇ ಏದುಸಿರು ಬಿಡುತ್ತ ಬರುತ್ತಿದ್ದರು. ಗಡಿಯಾರದಲ್ಲಿ ಮೂರು ಗಂಟೆ ಕಳೆಯಿತು.

ಆಕೆ ಬಂದಾಗ ಮುಖ ಕೆಂಪಾಗಿತ್ತು, ಕಾಲು ನಡುಗುತ್ತಿತ್ತು. ಹನ್ನೆರಡು ಕಡೆ ಕೂತು ಎದ್ದೆವೆಂದು ಮಗ ಹೇಳಿದ. ಚಾದರದ ಮೇಲೆ ಕುಳಿತು ಉಸಿರು ಸುಧಾರಿಸಿಕೊಂಡ ಮೇಲೆ ಆಕೆ, ಕೆಳಗೆ ನೀರಿನಲ್ಲಿ ಅದ್ದಿ ಹಿಂಡದೆ ಸುತ್ತಿ ತಂದಿದ್ದ ಕರವಸ್ತ್ರವನ್ನು ಬಿಚ್ಚಿ, ನನ್ನ ಹಣೆಯನ್ನೂ ಕಣ್ಣುಗಳನ್ನೂ ಒರೆಸಿದಳು. ಇನ್ನೂ ತಣ್ಣಗಿತ್ತು.

"ತಳಾ ಕಾಣ್ತೈತ್ರೀ," ಎಂದಳು. "ಕೊಡ ಇಳಿಸಿದ್ರ ಒಂದಿಷ್ಟೂ ರಾಡಿ ಏಳೂದಿಲ್ಲ."