ಭೀಮಸೇನರೂ ನನ್ನ ಹಟವೂ

ಪಂಡಿತ ಭೀಮಸೇನ ಜೋಶಿಯವರ ಧ್ವನಿಮುದ್ರಣಗಳಲ್ಲಿ ಯಾವುದು ಶ್ರೇಷ್ಠವೆಂದು ಯಾರಾದರೂ ಕೇಳಿದರೆ ನಾನು ‘ದಾಸವಾಣಿ’ ಎನ್ನುತ್ತೇನೆ. ಶುದ್ಧಕಲ್ಯಾಣವಲ್ಲ, ಮಿಯಾಕೀ ತೋಡಿಯಲ್ಲ, ದರಬಾರಿಯೂ ಅಲ್ಲ, ಕನ್ನಡದ ದೇವರನಾಮಗಳು. ಈ ಮಾತನ್ನಾಡಿ ನಾನು ಸಿಂಧನೂರಿನಲ್ಲಿ ಇಬ್ಬರು ಮಿತ್ರರ ಮುನಿಸಿಗೂ ಲಿಂಗಸುಗೂರಿನಲ್ಲಿ ಒಬ್ಬ ಬೀಗರ ಕೋಪಕ್ಕೂ ಪಾತ್ರನಾಗಿದ್ದೇನೆ. ಮಸ್ಕಿಯಲ್ಲಿ ಇನ್ನೂ ಯಾರೂ ನನ್ನೊಡನೆ ಮಾತು ಬಿಟ್ಟಿಲ್ಲ. ಅಲ್ಲಿ ನನಗೆ ಪರಿಚಯಸ್ಥರು ಕಡಿಮೆ.

ಬೀಗರು ನಿವೃತ್ತ ಉಪಾಧ್ಯಾಯರು. ಹೊತ್ತಿಗೆ ತಕ್ಕ ರಾಗವನ್ನೇ ಕೇಳತಕ್ಕವರು. ಮಧ್ಯಾಹ್ನದ ಭೀಮಪಲಾಸವನ್ನು ಬೆಳಗಿನ ಚಹದೊಡನೆ ಹಚ್ಚಿಬಿಟ್ಟರೆ ಅವರಿಗೆ ಆ ದಿನವೆಲ್ಲ ಅಜೀರ್ಣ. “ಅಲ್ರೀ, ಹುಲಿ ಮನಿಯೊಳಗ ಬಂದು ಹಾಲು ಕುಡಿದು ಹೋದರ ಅದಕ್ಕ ಪರಾಕ್ರಮ ಅಂತೀರೇನು?” ಎಂಬುದು ಅವರ ಪ್ರಶ್ನೆ. ಅವರ ಮತದಲ್ಲಿ ದಾಸವಾಣಿಯೆಂದರೆ ದೊಡ್ಡ ಗವಾಯಿಯ ವಿಶ್ರಾಂತಿ. ಮನೆಯ ಹೆಂಗಸರಿಗಾಗಿ, ಶುಕ್ರವಾರದ ಪೂಜೆಗಾಗಿ ಮಾಡಿಕೊಟ್ಟ ಉಪಕಾರ.

ಆ ಹುಲಿ ಬೆಳೆದದ್ದಾದರೂ ಯಾವ ಹಾಲಿನಿಂದ ಎಂಬುದನ್ನು ಬೀಗರು ಮರೆಯುತ್ತಾರೆ. ಬಾಲಕ ಭೀಮಸೇನನು 1933ರಲ್ಲಿ, ತನ್ನ 11ನೆಯ ವಯಸ್ಸಿನಲ್ಲಿ, ಗುರುವನ್ನರಸಿ ಗದಗಿನ ಮನೆ ಬಿಟ್ಟು ಹೊರಟ ಕಥೆ ಎಲ್ಲರಿಗೂ ಗೊತ್ತು. ಅವನಿಗೆ ಆ ಹುಚ್ಚು ಹಿಡಿಸಿದ್ದು ಅಬ್ದುಲ್ ಕರೀಮ್ ಖಾನರ ಒಂದು ಗ್ರಾಮೋಫೋನ್ ತಟ್ಟೆ. ಅದರಲ್ಲಿದ್ದುದು ದರಬಾರಿಯ ವಿಲಂಬಿತ ಖಯಾಲಲ್ಲ, ಝಿಂಝೋಟಿಯ ಒಂದು ಠುಮರಿ. ಆ ಕಾಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಸುತ್ತಿದ್ದುದು ಮೂರು ಚಿಲ್ಲರೆ ನಿಮಿಷದ ಗಾಯನ. ಮೂರು ನಿಮಿಷದ ಠುಮರಿಯೊಂದು ಒಬ್ಬ ಹುಡುಗನನ್ನು ಗದಗಿನಿಂದ ಗ್ವಾಲಿಯರದವರೆಗೆ ಓಡಿಸಬಲ್ಲುದಾದರೆ, ‘ಲಘು’ ಎಂಬ ಶಬ್ದವನ್ನು ನಾವು ಸ್ವಲ್ಪ ಅಂಜಿಕೊಂಡೇ ಬಳಸುವುದು ಮೇಲು.

ನನ್ನ ಹಟಕ್ಕೆ ಬೇರೆ ಕಾರಣವೂ ಉಂಟು. ಖಯಾಲಿನಲ್ಲಿ ಮಾತು ಗೂಟವಿದ್ದಂತೆ. ಸ್ವರವು ಅದರ ಸುತ್ತ ಬೇಕಾದಷ್ಟು ದೂರ ಮೇಯ್ದು ಬರಬಹುದು. ವ್ರಜಭಾಷೆಯ ಆ ಎರಡು ಸಾಲುಗಳ ಅರ್ಥ ನಮ್ಮ ಸೀಮೆಯ ಶ್ರೋತೃಗಳಲ್ಲಿ ಎಷ್ಟು ಮಂದಿಗೆ ಆಗುತ್ತದೆಯೋ ದೇವರೇ ಬಲ್ಲ, ಆಗಬೇಕೆಂದು ಯಾರ ಹಟವೂ ಇಲ್ಲ. ದೇವರನಾಮದಲ್ಲಿ ಹಾಗಲ್ಲ. ಅಲ್ಲಿ ಮಾತು ತನ್ನ ಪಾಲನ್ನು ಕೇಳಿಯೇ ತೀರುತ್ತದೆ. ಮೂರು ಸ್ಥಾಯಿಗಳಲ್ಲಿ ಗುಡುಗಿನಂತೆ ಓಡಾಡಬಲ್ಲ ಆ ಕಂಠ ಇಲ್ಲಿ ಒಂದೊಂದು ಪದದ ಬಾಗಿಲಲ್ಲಿ ತಲೆ ಬಾಗಿಸಿ ಒಳಗೆ ಬರುತ್ತದೆ. ಎತ್ತರದ ಆಳು ಬಾಗಿದಾಗಲೇ ಅವನ ಎತ್ತರ ನಮಗೆ ಗೊತ್ತಾಗುವುದು.

ತುಂಗಭದ್ರೆಯ ಅಣೆಕಟ್ಟು ತುಂಬಿ 33 ಗೇಟುಗಳನ್ನೂ ತೆರೆದರೆಂದರೆ ನಮ್ಮೂರಿನಿಂದ ಜನ ಮೋಟಾರು ಮಾಡಿಕೊಂಡು ನೋಡಲು ಹೋಗುತ್ತಾರೆ. ನಾನೂ ಹೋಗಿದ್ದೇನೆ, ಮೈ ಜುಮ್ಮೆನ್ನುವ ದೃಶ್ಯ. ಆದರೆ ಸಿಂಧನೂರಿನ ಭತ್ತ ಬೆಳೆಯುವುದು ಎಡದಂಡೆ ಕಾಲುವೆಯ ತೂಬಿನಿಂದ ಸದ್ದಿಲ್ಲದೆ ಗದ್ದೆಗಿಳಿಯುವ ನೀರಿನಿಂದ. ಇದನ್ನು ಹೇಳಿದಾಗ ಬೀಗರು, “ನೀವು ಸಂಗೀತಕ್ಕೂ ಭತ್ತದ ಲೆಕ್ಕ ಹಚ್ಚತೀರಿ” ಎಂದು ಎದ್ದು ಹೋದರು.

ಇನ್ನು, ಈ ಪದಗಳು ಯಾವ ನೆಲದವು? ವಿಜಯದಾಸರು ಮಾನ್ವಿ ಸೀಮೆಯ ಚೀಕಲಪರವಿಯವರು. ಜಗನ್ನಾಥದಾಸರು ಮಾನ್ವಿಯವರು. ಅವರ ಶಿಷ್ಯ ಪ್ರಾಣೇಶದಾಸರು ಸಾಕ್ಷಾತ್ ಲಿಂಗಸುಗೂರಿನವರು, ಬೀಗರ ಊರಿನವರು! ಭೀಮಸೇನರು ವಿಜಯದಾಸರ ‘ಸದಾ ಎನ್ನ ಹೃದಯದಲ್ಲಿ’ ಪದವನ್ನು ಹಾಡಿದಾಗ ಅದನ್ನು ತೂಗಿ ನೋಡಲು ಪುಣೆಯ ಪಂಡಿತರಿಗಿಂತ ನಮ್ಮ ಹಳ್ಳಿಯ ಮುದುಕಿಯರಿಗೆ ಹೆಚ್ಚು ಅಧಿಕಾರ.

ಇಲ್ಲಿ ನಮ್ಮ ಸೋದರತ್ತೆಯ ಮಾತು ಹೇಳಲೇಬೇಕು. ಅಕ್ಷರ ಅಷ್ಟಾಗಿ ಬಾರದ ಆಕೆಗೆ ದಾಸರ ಪದಗಳು ನೂರಾರು ಕಂಠಸ್ಥ. ಒಮ್ಮೆ ಪರಿಚಿತರೊಬ್ಬರ ಮನೆಯಲ್ಲಿ ರಿಕಾರ್ಡು ಕೇಳುವ ಗೋಷ್ಠಿ ಸೇರಿತ್ತು. ಗಂಡಸರೆಲ್ಲ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಮುಲ್ತಾನಿ ಮುಗಿದ ಮೇಲೆ ಆಕೆ ಬಾಗಿಲ ಮರೆಯಿಂದ, ದಾಸರ ಪದವೊಂದನ್ನು ಹಚ್ಚಬಹುದೇ ಎಂದು ಕೇಳಿದಳು. “ಅದು ಭಜನಿ ಅಮ್ಮಾ, ಇಲ್ಲಿ ಸಂಗೀತ ನಡದದ” ಎಂದರು ಒಬ್ಬರು. ಯಾರೂ ಗಟ್ಟಿಯಾಗಿ ನಗಲಿಲ್ಲ, ಅಷ್ಟೇ. ಆಕೆ ಮತ್ತೆ ಅಂಥ ಗೋಷ್ಠಿಗೆ ಬರಲಿಲ್ಲ.

ಮುಂದೆ ನಾನೇ ಧ್ವನಿಸುರುಳಿಯನ್ನು ತಂದು ಕೇಳಿಸಿದೆ. ಅಕ್ಕಿ ಆರಿಸುತ್ತ ಕೇಳಿದಳು. ಒಂದು ಕಡೆ, ಉಸಿರಿಗಾಗಿ ಪದ ಒಡೆಯಿತೆಂದು ಹುಬ್ಬು ಗಂಟಿಕ್ಕಿದಳು. ಇನ್ನೊಂದು ಕಡೆ ಅಕ್ಕಿಯ ಮೇಲಿನ ಕೈ ಹಾಗೆಯೇ ನಿಂತಿತು. ಕೊನೆಗೆ ಅಂದಳು: “ಇಲ್ಲಿ ಅವರು ಗೆಲ್ಲಲಿಕ್ಕೆ ನಿಂತಿಲ್ಲೋ ತಮ್ಮಾ, ಬೇಡಲಿಕ್ಕೆ ನಿಂತಾರ.” ಭೀಮಸೇನರನ್ನು ಕುರಿತು ನಾನು ಓದಿದ ಯಾವ ವಿಮರ್ಶೆಯೂ ಇಷ್ಟು ನೆಟ್ಟಗೆ ಗುರಿ ಮುಟ್ಟಿಲ್ಲ. ಆಕೆಗೆ ರಾಗದ ಹೆಸರು ಗೊತ್ತಿರಲಿಲ್ಲ ನಿಜ. ತಲೆದೂಗುತ್ತಿದ್ದವರಲ್ಲಿ ಎಷ್ಟು ಮಂದಿಗೆ ಪದದ ಅರ್ಥ ಗೊತ್ತಿತ್ತು?

ಹೇಗೂ ಅಪವಾದ ಹೊತ್ತದ್ದಾಯಿತು, ಉಳಿದದ್ದನ್ನೂ ಹೇಳಿಬಿಡುತ್ತೇನೆ. ಲತಾ ಮಂಗೇಶ್ಕರರೊಡನೆ ಅವರು ಹಾಡಿದ ‘ರಾಮ ಶ್ಯಾಮ ಗುಣಗಾನ’ವನ್ನು ಲೋಕವೆಲ್ಲ ಕೊಂಡಾಡುತ್ತದೆ. ನನಗೆ ಮಾತ್ರ ಇಬ್ಬರು ಮಹನೀಯರು ಒಂದೇ ಚಾಪೆಯ ಎರಡು ತುದಿಗಳಲ್ಲಿ ಸಂಕೋಚದಿಂದ ಕುಳಿತಂತೆ ಕಾಣುತ್ತದೆ. ಕಲಾವತಿ, ರಾಗೇಶ್ರೀಗಳನ್ನು ಬೆರೆಸಿ ಅವರು ಕಟ್ಟಿದ ‘ಕಲಾಶ್ರೀ’ ಇಲ್ಲದಿದ್ದರೂ ನನ್ನ ಸಂಸಾರ ನಡೆಯುತ್ತಿತ್ತು. ಅವರನ್ನು ಎದುರಿಗೆ ಕುಳಿತು ನೋಡಿಯೇ ಕೇಳಬೇಕೆನ್ನುವವರ ಮಾತೂ ನನಗೆ ಒಪ್ಪಿಗೆಯಿಲ್ಲ. ತಾನನ್ನು ಕೈಯಿಂದ ಎಳೆದು ತರುವ ಆ ಸಾಹಸವನ್ನು ನೋಡುತ್ತ ಕುಳಿತರೆ ಕೇಳುವುದು ಮರೆತುಹೋಗುತ್ತದೆ. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯ ಕೃಪೆಯಿಂದ ನಮ್ಮ ಹಿರಿಯರು ಅವರನ್ನು ಕಾಣದೆಯೇ ಕೇಳಿದರು. ಅವರೇ ಭಾಗ್ಯವಂತರು.

ಮಸ್ಕಿಯ ಬಂಡೆಯೂ ನನ್ನ ಪಕ್ಷದಲ್ಲಿದೆ. 1915ರಲ್ಲಿ ಗಣಿಯ ಎಂಜಿನಿಯರ್ ಬೀಡನ್ ಕಂಡುಹಿಡಿದ, ಅಶೋಕನ ಹೆಸರನ್ನೇ ಹೊತ್ತ ಆ ಶಾಸನವು, ಪರಮಪದವಿ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಶ್ರಮಿಸಿದರೆ ಚಿಕ್ಕವರಿಗೂ ಸಾಧ್ಯ ಎನ್ನುತ್ತದೆ. ಅಶೋಕನು ಇದನ್ನು ಖಯಾಲು-ದೇವರನಾಮಗಳನ್ನು ಕುರಿತು ಹೇಳಿಲ್ಲವೆಂದು ಬೀಗರ ತಕರಾರು.

ಆದರೂ ಬೀಗರು ಸಂಧಾನಕ್ಕೆ ಒಪ್ಪಿದ್ದಾರೆ. ಮಸ್ಕಿ ನಮ್ಮಿಬ್ಬರಿಗೂ ನಡುದಾರಿ. ಅವರು ತಮ್ಮ ಶುದ್ಧಕಲ್ಯಾಣವನ್ನು ತರತಕ್ಕದ್ದು, ನಾನು ಅತ್ತೆಯ ಸುರುಳಿಯನ್ನು. ಸೋತವರು ಒಗ್ಗರಣೆ-ಮಿರ್ಚಿ ಕೊಡಿಸತಕ್ಕದ್ದು. ಟೇಪ್‌ರಿಕಾರ್ಡರಿನ ಬೆಲ್ಟು ಹರಿದು ತಿಂಗಳಾಯಿತು. ಸಿಂಧನೂರಿನ ಅಂಗಡಿಯವನು ಅಂಥದು ಈಗ ಬರುವುದಿಲ್ಲವೆನ್ನುತ್ತಾನೆ. ಮೊಬೈಲಿನಲ್ಲಿಯೇ ಕೇಳಿಸಬಹುದಲ್ಲ ಎಂದು ಮಗನ ಸಲಹೆ. ಬೀಗರಿಗೆ ಅದು ಸಮ್ಮತವಿಲ್ಲ. ಈ ಒಂದು ವಿಷಯದಲ್ಲಿ ಅವರದೂ ನನ್ನದೂ ಅಭಿಪ್ರಾಯ ಒಂದೇ.