ಕುಕ್ಕರುಗಾಲಿನ ನಡಿಗೆ

‘ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು’ ಎಂಬ ಗಾದೆಯನ್ನು ನಮ್ಮ ಹಿರಿಯರು ಹಣದ ವಿಚಾರವಾಗಿ ಹೇಳಿದರು. ನಿವೃತ್ತಿಯ ನಂತರ ನೋಡಿದರೆ ಅದು ದೇಹದ ವಿಚಾರದಲ್ಲಿಯೂ ಸತ್ಯವೇ ಆಗಿದೆ. ಆದರೆ ಕೂರುವುದರಲ್ಲಿಯೂ ಎರಡು ವಿಧವುಂಟು. ಕುರ್ಚಿಯಲ್ಲಿ ಒರಗಿ ಕೂರುವುದು ಒಂದು. ಪಾದಗಳನ್ನೂರಿ, ಮಂಡಿಗಳನ್ನು ಮಡಿಸಿ, ನೆಲಕ್ಕೆ ತಾಗದಂತೆ ಕುಕ್ಕರುಗಾಲಿನಲ್ಲಿ ಕೂರುವುದು ಇನ್ನೊಂದು. ಮೊದಲನೆಯದರಲ್ಲಿ ನಮ್ಮ ಭಾರವನ್ನು ಕುರ್ಚಿ ಹೊರುತ್ತದೆ. ಎರಡನೆಯದರಲ್ಲಿ ನಾವೇ ಹೊರುತ್ತೇವೆ. ಆ ಭಂಗಿಯಲ್ಲಿಯೇ ಹೆಜ್ಜೆಯಿಡುತ್ತ ಮುಂದೆ ಸಾಗುವ ವ್ಯಾಯಾಮವೊಂದಿದೆ. ಅದರ ಬಗ್ಗೆ ನಾಲ್ಕು ಮಾತು ಹಂಚಿಕೊಳ್ಳಬೇಕೆನಿಸಿತು.

ಇದನ್ನು ಇಂಗ್ಲಿಷಿನಲ್ಲಿ ‘ಡಕ್ ವಾಕ್’, ಅಂದರೆ ಬಾತುಕೋಳಿಯ ನಡಿಗೆ ಎನ್ನುತ್ತಾರೆ. ಬಿಹಾರ ಯೋಗ ವಿದ್ಯಾಲಯದ ಸ್ವಾಮಿ ಸತ್ಯಾನಂದ ಸರಸ್ವತಿಯವರು ಇದನ್ನೇ ‘ಕೌವಾ ಚಾಲಾಸನ’, ಅಂದರೆ ಕಾಗೆಯ ನಡಿಗೆ ಎಂದು ಕರೆದು ತಮ್ಮ ಆಸನಗಳ ಸಾಲಿನಲ್ಲಿ ಸೇರಿಸಿದ್ದಾರೆ. ನಮ್ಮ ಹಳ್ಳಿಯ ಹೆಣ್ಣುಮಕ್ಕಳಿಗೆ ಇದಕ್ಕೆ ಹೆಸರೇ ಬೇಕಾಗಿರಲಿಲ್ಲ. ಹೊಲದಲ್ಲಿ ಕಳೆ ಕೀಳುವವರು ಸಾಲು ಹಿಡಿದು ಕುಕ್ಕರುಗಾಲಿನಲ್ಲಿ ಕುಳಿತು, ಎಡಗೈಯಲ್ಲಿ ಪೈರನ್ನು ಸರಿಸಿ, ಬಲಗೈಯಲ್ಲಿ ಕಳೆ ಕಿತ್ತು, ಮೇಲೇಳದೆ ಮುಂದಿನ ಹೆಜ್ಜೆಗೆ ಸರಿಯುತ್ತಿದ್ದರು. ಹಾಗೆ ಬದುವಿನಿಂದ ಬದುವಿನವರೆಗೆ, ದಿನವಿಡೀ. ಅದನ್ನು ವ್ಯಾಯಾಮವೆಂದು ಯಾರೂ ಕರೆಯಲಿಲ್ಲ; ಕೂಲಿ ಎಂದರು.

ಗಂಡಸರಿಗೆ ಗರಡಿಮನೆಯಿತ್ತು. ಅಲ್ಲಿ ದಂಡ ಹೊಡೆಯುವುದು, ಬಸ್ಕಿ ಹೊಡೆಯುವುದು ನಿತ್ಯದ ಸಾಮು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಮೂಲಕ ನಮಗೆಲ್ಲ ಪರಿಚಿತರಾದ ಕೆ.ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನೇ ನಡೆಸಿದವರು. ಅಂಗಸಾಧನೆಗೆ ಅಷ್ಟು ಗೌರವವಿದ್ದ ನಾಡಿನಲ್ಲಿ, ಶಾಲೆಯ ಅಂಗಳಕ್ಕೆ ಬರುವಷ್ಟರಲ್ಲಿ ಬಸ್ಕಿ ಶಿಕ್ಷೆಯಾಗಿಬಿಟ್ಟಿತು. ಮಗ್ಗಿ ತಪ್ಪಿದವನಿಗೆ ಬಸ್ಕಿ, ತಡವಾಗಿ ಬಂದವನಿಗೆ ಕುಕ್ಕರುಗಾಲಿನಲ್ಲಿ ಮೈದಾನದ ಸುತ್ತು. ಮಕ್ಕಳಿಗೆ ದೈಹಿಕ ಶಿಕ್ಷೆ ನೀಡುವುದನ್ನು 2009ರ ಶಿಕ್ಷಣ ಹಕ್ಕು ಕಾಯಿದೆ ನಿಷೇಧಿಸಿದ್ದು ಸರಿಯಾದುದೇ. ಆದರೆ ಅಷ್ಟರಲ್ಲಿ ಹಲವು ತಲೆಮಾರಿನವರ ಮನಸ್ಸಿನಲ್ಲಿ ಈ ಭಂಗಿ ಅವಮಾನದೊಂದಿಗೆ ಬೆಸೆದುಹೋಗಿತ್ತು. ಇಂದಿಗೂ ನನ್ನ ವಯಸ್ಸಿನವರಿಗೆ ಬಸ್ಕಿಯ ಮಾತೆತ್ತಿದರೆ ಮೊದಲು ನಗುತ್ತಾರೆ, ಆಮೇಲೆ ಕಿವಿ ಮುಟ್ಟಿಕೊಳ್ಳುತ್ತಾರೆ!

ಹೃದಯಕ್ಕೂ ಕಾಲಿಗೂ ಏನು ಸಂಬಂಧ? ದೇಹದ ಅತಿ ದೊಡ್ಡ ಸ್ನಾಯುಗಳಿರುವುದು ತೊಡೆ ಮತ್ತು ಪೃಷ್ಠಭಾಗದಲ್ಲಿ. ಅವು ದುಡಿಯತೊಡಗಿದರೆ ಆಮ್ಲಜನಕವನ್ನು ಹೆಚ್ಚಾಗಿ ಬೇಡುತ್ತವೆ. ಅದನ್ನು ಒದಗಿಸಲು ಹೃದಯ ವೇಗವಾಗಿ ಬಡಿಯಬೇಕಾಗುತ್ತದೆ, ಶ್ವಾಸಕೋಶವೂ ಜೊತೆಗೂಡುತ್ತದೆ. ಹೀಗಾಗಿ ಅರ್ಧ ಗಂಟೆ ಸಾವಕಾಶವಾಗಿ ನಡೆದರೂ ಏರದ ನಾಡಿ, ಮಂಡಿ ಬಗ್ಗಿಸಿ ಹತ್ತು ಹೆಜ್ಜೆ ಇಟ್ಟರೆ ಏರುತ್ತದೆ. 1953ರಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯವಿಜ್ಞಾನಿ ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರ ಕುರಿತ ಅಧ್ಯಯನವನ್ನು ಪ್ರಕಟಿಸಿದರು. ಕುಳಿತೇ ಇರುವ ಚಾಲಕರಿಗಿಂತ, ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆಯಿತ್ತು. ಇನ್ನೊಂದು ಸಂಗತಿ ಇನ್ನೂ ಸ್ವಾರಸ್ಯಕರ. ಟಾಂಜಾನಿಯಾದ ಹಾಡ್ಜಾ ಎಂಬ ಬೇಟೆಗಾರ ಜನರು ದಿನಕ್ಕೆ ಹತ್ತಿರ ಹತ್ತಿರ ಹತ್ತು ಗಂಟೆ ವಿಶ್ರಮಿಸುತ್ತಾರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ನಮ್ಮಷ್ಟೇ ಕೂತರೂ ಅವರ ಹೃದಯ ಚೆನ್ನಾಗಿದೆ! ಅವರು ಬಹಳ ಹೊತ್ತು ಕುಕ್ಕರುಗಾಲಿನಲ್ಲಿ ಅಥವಾ ಮಂಡಿಯೂರಿ ಕೂರುತ್ತಾರೆ. ಆ ಭಂಗಿಗಳಲ್ಲಿ ಕಾಲಿನ ಸ್ನಾಯುಗಳು ಪೂರ್ತಿ ನಿದ್ರಿಸುವುದಿಲ್ಲ. ಇದೂ ಒಂದು ಕಾರಣವಿರಬಹುದೆಂಬುದು ಆ ಸಂಶೋಧಕರ ಊಹೆ.

ನನ್ನನ್ನು ಈ ಅಭ್ಯಾಸಕ್ಕೆ ಹಚ್ಚಿದ್ದು ಇಂತಹ ಅಧ್ಯಯನಗಳಲ್ಲ. ಜೊತೆಯಲ್ಲಿ ಕೆಲಸ ಮಾಡಿದ ಹಿರಿಯ ಮೇಷ್ಟ್ರೊಬ್ಬರು ಒಂಟಿಯಾಗಿದ್ದ ದಿನ ಬಚ್ಚಲಿನಲ್ಲಿ ಜಾರಿದರು. ಮೂಳೆ ಮುರಿದಿರಲಿಲ್ಲ, ರಕ್ತ ಬಂದಿರಲಿಲ್ಲ. ಆದರೆ ಏಳಲು ಕಾಲಿನಲ್ಲಿ ಕಸುವಿರಲಿಲ್ಲ. ಮೂರು ಗಂಟೆ ತಣ್ಣನೆಯ ನೆಲದ ಮೇಲೆ ಬಿದ್ದಿದ್ದರು. ನೋಡಲು ಹೋದಾಗ, “ಬಿದ್ದದ್ದಕ್ಕೆ ಬೇಜಾರಿಲ್ಲ ಮೇಷ್ಟ್ರೇ, ನಾಳೆ ಮತ್ತೆ ಬಿದ್ದರೆ ಏನು ಗತಿ ಅನ್ನೋದೇ ಯೋಚನೆ” ಎಂದರು. ಅಂದಿನಿಂದ ಅವರು ಮನೆಯೊಳಗೂ ಗೋಡೆ ಹಿಡಿದೇ ನಡೆದರು. ಸಂಜೆಯ ತಿರುಗಾಟ ನಿಂತಿತು. ನೆಲದಿಂದ ತಾನೇ ತಾನಾಗಿ ಏಳಬಲ್ಲೆನೆಂಬ ಧೈರ್ಯ ಮುದಿತನದಲ್ಲಿ ಎಷ್ಟು ದೊಡ್ಡ ಆಸ್ತಿ ಎಂಬುದು ಅಂದು ನನಗೆ ಮನದಟ್ಟಾಯಿತು. ಬ್ರೆಜಿಲ್ಲಿನ ಸಂಶೋಧಕರು 51ರಿಂದ 80 ವರ್ಷದ 2002 ಜನರನ್ನು ನೆಲದ ಮೇಲೆ ಕೂರಿಸಿ ಏಳಿಸಿ, ಹತ್ತು ಅಂಕಗಳ ಪರೀಕ್ಷೆ ಮಾಡಿ, ಮುಂದಿನ ವರ್ಷಗಳಲ್ಲಿ ಗಮನಿಸಿದರು. ಕಡಿಮೆ ಅಂಕ ಪಡೆದವರಲ್ಲಿ ಸಾವಿನ ಪ್ರಮಾಣ ಹಲವು ಪಟ್ಟು ಹೆಚ್ಚಿತ್ತೆಂದು 2012ರಲ್ಲಿ ವರದಿಯಾಯಿತು.

ನನ್ನ ಕ್ರಮ ಸರಳ. ಪೂರ್ತಿ ಕುಕ್ಕರಿಸಿ ನಡೆಯುವುದು ಯುವಕರಿಗೆ ಸರಿ. ಅದರಲ್ಲಿ ಮಂಡಿಚಿಪ್ಪಿನ ಮೇಲೆ ಬೀಳುವ ಒತ್ತಡ ಬಹಳ. ನಾನು ಜಗಲಿಯ ಗೋಡೆಯ ಪಕ್ಕದಲ್ಲಿ, ಅಗತ್ಯ ಬಿದ್ದರೆ ಕೈ ಊರುವಂತೆ ನಿಲ್ಲುತ್ತೇನೆ. ಕಾಣದ ಕುರ್ಚಿಯೊಂದರ ಮೇಲೆ ಕೂರಲು ಹೊರಟವನಂತೆ ಅರ್ಧ ಬಗ್ಗಿ, ಬೆನ್ನು ನೇರವಾಗಿರಿಸಿ ಎಂಟು ಹೆಜ್ಜೆ. ನಂತರ ನೆಟ್ಟಗೆ ನಿಂತು ಮಾಮೂಲು ನಡಿಗೆಯಲ್ಲಿ ಒಂದು ಸುತ್ತು. ಮತ್ತೆ ಎಂಟು ಹೆಜ್ಜೆ. ಮೊದಲ ವಾರ ಮೂರು ಸಲಕ್ಕೇ ಏದುಸಿರು ಬಂತು. ನಾಲ್ಕು ತಿಂಗಳಲ್ಲಿ ಹತ್ತಕ್ಕೆ ಮುಟ್ಟಿದ್ದೇನೆ. ನಡುವೆ ಹದಿನೈದು ಸೆಕೆಂಡು ನಾಡಿ ಹಿಡಿದು ನಾಲ್ಕರಿಂದ ಗುಣಿಸುತ್ತೇನೆ. 220ರಲ್ಲಿ ವಯಸ್ಸನ್ನು ಕಳೆದರೆ ಹೃದಯ ಬಡಿತದ ಗರಿಷ್ಠ ಮಿತಿಯ ಅಂದಾಜು ಸಿಗುತ್ತದೆ. ನನಗೆ 68, ಆದ್ದರಿಂದ 152. ಅದರ ಮುಕ್ಕಾಲು ಭಾಗವಾದ 114ನ್ನು ದಾಟದಂತೆ ನೋಡಿಕೊಳ್ಳುತ್ತೇನೆ. ನಾಡಿ ಹಿಡಿಯಲು ಬಾರದವರು ಮಾತನಾಡಿ ನೋಡಬಹುದು: ಮಾತು ಬರಬೇಕು, ಹಾಡಲು ಆಗಬಾರದು. ಅದೇ ಹದ.

ಕೆಲವು ಎಚ್ಚರಿಕೆಗಳು ಅವಶ್ಯ. ಉಸಿರು ಬಿಗಿಹಿಡಿಯಬಾರದು, ಅದರಿಂದ ರಕ್ತದೊತ್ತಡ ಥಟ್ಟನೆ ಏರುತ್ತದೆ. ಮಂಡಿ ಸವೆದವರು, ಹೃದ್ರೋಗ ಅಥವಾ ಅಧಿಕ ರಕ್ತದೊತ್ತಡವಿರುವವರು ವೈದ್ಯರನ್ನು ಕೇಳದೆ ಆರಂಭಿಸಬಾರದು. ಎದೆಯಲ್ಲಿ ಬಿಗಿತ, ತಲೆಸುತ್ತು ಕಂಡರೆ ತಕ್ಷಣ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಇದೊಂದೇ ಸಾಲದು ಎಂಬುದೂ ನೆನಪಿರಲಿ. ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮ, 65 ದಾಟಿದವರಿಗೆ ಅದರ ಜೊತೆಗೆ ವಾರಕ್ಕೆ ಮೂರು ದಿನ ಸಮತೋಲನ ಮತ್ತು ಬಲದ ಅಭ್ಯಾಸ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿದೆ.

ಹಾಡ್ಜಾ ಜನರ ಹಾಗೆ ಕೂರಲು ನಮಗಿನ್ನು ಆಗಲಿಕ್ಕಿಲ್ಲ. ಆದರೆ ಗೋಡೆಯ ಪಕ್ಕದಲ್ಲಿ ಎಂಟು ಹೆಜ್ಜೆಗೆ ಯಾರ ಅಪ್ಪಣೆಯೂ, ಯಾವ ಉಪಕರಣವೂ ಬೇಕಿಲ್ಲ. ಆ ಹಿರಿಯ ಮೇಷ್ಟ್ರು ಈಗ ಸೊಸೆಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಕಿಟಕಿಯ ಸರಳು ಹಿಡಿದು, ದಿನಕ್ಕೆ ಐದು ಬಾರಿ ಕುರ್ಚಿಯಿಂದ ಎದ್ದು ಕೂರುತ್ತಿದ್ದಾರೆ. ಆರಂಭಕ್ಕೆ ಅಷ್ಟು ಸಾಕು.