ಮೂರು ಸೆಕ್ಷನ್ನಿನ ಗಾಡಿಗಳು

ಮೂವತ್ತನಾಲ್ಕು ವರ್ಷ ಹೈಸ್ಕೂಲು ಮೇಷ್ಟ್ರಾಗಿದ್ದವನಿಗೆ ಎ, ಬಿ, ಸಿ ಅಂದರೆ ಮೊದಲು ನೆನಪಿಗೆ ಬರುವುದು ಸೆಕ್ಷನ್ನುಗಳು. ಎ ಸೆಕ್ಷನ್ನಿನಲ್ಲಿ ಜಾಣರು, ಬಿ ಸೆಕ್ಷನ್ನಿನಲ್ಲಿ ಹಾಗೂ ಹೀಗೂ ಇರುವವರು, ಸಿ ಸೆಕ್ಷನ್ನಿನಲ್ಲಿ ಹೆಡ್‌ಮಾಸ್ತರರಿಗೆ ಬೇಡವಾದವರು. ನನ್ನ ಪಾಲಿಗೆ ಬಂದದ್ದು ಬಹುಪಾಲು ಸಿ ಸೆಕ್ಷನ್ನೇ. ಆದ್ದರಿಂದ 2018ರ ಬೇಸಿಗೆಯಲ್ಲಿ, ಸಿಯಾಟಲ್ ನಗರದ ಮಗಳ ಮನೆಯಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದಾಗ ಅಳಿಯ, "ಮಾವ, ಮೋಟರ್ ಹೋಮ್‌ಗಳಲ್ಲಿ ಎ, ಬಿ, ಸಿ ಅಂತ ಮೂರು ಕ್ಲಾಸು. ನಾವು ಒಂದನ್ನ ಆರಿಸಬೇಕು" ಎಂದಾಗ ನಾನು ಥಟ್ಟನೆ, "ಸಿ ಬೇಡಪ್ಪ, ಅದರ ಸಹವಾಸ ಸಾಕಾಗಿದೆ" ಎಂದುಬಿಟ್ಟೆ.

ಅವನು ನಕ್ಕು ವಿವರಿಸಿದ. ಅಮೆರಿಕದವರು ಈ ಅಕ್ಷರಗಳನ್ನು ಕೊಟ್ಟ ಕ್ರಮ ನಮ್ಮ ಹೆಡ್‌ಮಾಸ್ತರರಿಗೂ ಅರ್ಥವಾಗುವಂಥದ್ದಲ್ಲ. ಎ ಎಂದರೆ ಎಲ್ಲಕ್ಕಿಂತ ದೊಡ್ಡದು. ಬಸ್ಸಿನಂತೆ ಚಪ್ಪಟೆ ಮೂತಿ, ಮುಂದೆ ಗೋಡೆಯಷ್ಟು ಅಗಲದ ಗಾಜು, ಇಪ್ಪತ್ತೈದರಿಂದ ನಲವತ್ತೈದು ಅಡಿವರೆಗೂ ಉದ್ದ. ಬಿ ಎಂದರೆ ಎಲ್ಲಕ್ಕಿಂತ ಚಿಕ್ಕದು. ಸಾಮಾನು ಸಾಗಿಸುವ ವ್ಯಾನಿನ ಹೊಟ್ಟೆಯೊಳಗೇ ಮಂಚ, ಒಲೆ, ಪುಟ್ಟ ಫ್ರಿಜ್ಜು ಅಡಕಿದ್ದು. ಸಿ ಇವೆರಡರ ನಡುವಿನದು. ವ್ಯಾನಿನ ಮುಂಭಾಗವನ್ನು ಮಾತ್ರ ಉಳಿಸಿಕೊಂಡು, ಹಿಂದಕ್ಕೆ ಒಂದು ಕೋಣೆಯನ್ನು ಕಟ್ಟಿ ಕೂರಿಸಿದ್ದು. ಡ್ರೈವರನ ತಲೆಯ ಮೇಲೆ ಅಟ್ಟದಂತೆ ಚಾಚಿಕೊಂಡ ಹಾಸಿಗೆಯಿಂದ ಅದನ್ನು ದೂರದಿಂದಲೇ ಗುರುತು ಹಿಡಿಯಬಹುದು. ಇವಲ್ಲದೆ ಕಾರಿನ ಹಿಂದೆ ಕಟ್ಟಿಕೊಂಡು ಎಳೆಯುವ ಮನೆಗಳೂ ಇವೆ. ಆದರೆ ಕೊಕ್ಕೆ ಹಾಕಿ ಹಿಂದಕ್ಕೆ ತಳ್ಳಿ ನಿಲ್ಲಿಸುವ ವಿದ್ಯೆ ನನಗೆ ಬಾರದು ಎಂದು ಅಳಿಯ ಅವನ್ನು ಮೊದಲೇ ಕೈಬಿಟ್ಟಿದ್ದ.

ಇದು ನಮಗೆ ಪೂರ್ತಿ ಹೊಸದೇನೂ ಅಲ್ಲ. ನಾನು ಹುಡುಗನಾಗಿದ್ದಾಗ ನಮ್ಮೂರಿನಿಂದ ಮೇಲುಕೋಟೆಯ ವೈರಮುಡಿಗೆ ಕಮಾನು ಗಾಡಿ ಕಟ್ಟಿಕೊಂಡು ಹೋಗುತ್ತಿದ್ದೆವು. ಒಳಗೆ ಹುಲ್ಲು ಹಾಸಿ ಅದರ ಮೇಲೆ ಜಮಖಾನ, ಹಿಂದೆ ಪಾತ್ರೆಯ ಮೂಟೆ, ಅಚ್ಚಿಗೆ ನೇತುಹಾಕಿದ ಲಾಟೀನು. ರಾತ್ರಿ ಹೆಂಗಸರು ಮಕ್ಕಳು ಗಾಡಿಯ ಒಳಗೆ, ಗಂಡಸರು ಗಾಡಿಯ ಕೆಳಗೆ. "ಇದೂ ಅದೇ ತಾನೇ, ಎತ್ತಿನ ಬದಲು ಇಂಜಿನ್ನು" ಎಂದೆ. ನನ್ನಾಕೆ ಏನೂ ಹೇಳಲಿಲ್ಲ. ಲೋಟ ತೆಗೆದುಕೊಂಡು ಒಳಗೆ ಹೋದಳು.

ಅಳಿಯ ಕಂಪ್ಯೂಟರ್ ಕೆಲಸದವನು. ಏನನ್ನು ಆರಿಸಬೇಕಾದರೂ ಒಂದು ಪಟ್ಟಿ ಮಾಡುತ್ತಾನೆ. ಸಿಯಾಟಲ್‌ನಿಂದ ಮೊಂಟಾನಾ ರಾಜ್ಯದ ಗ್ಲೇಸಿಯರ್ ಪಾರ್ಕ್, ಅಲ್ಲಿಂದ ಯೆಲ್ಲೊಸ್ಟೋನ್, ಅಲ್ಲಿಂದ ವಾಪಸು: ಹತ್ತಿರ ಹತ್ತಿರ 2,900 ಕಿಲೋಮೀಟರು. ಅವನ ಲೆಕ್ಕದಲ್ಲಿ ಎ ಗಾಡಿ ಲೀಟರಿಗೆ ಮೂರು ಕಿಲೋಮೀಟರು, ಸಿ ನಾಲ್ಕು, ಬಿ ಏಳು. ಎ ಗಾಡಿಗೆ ಸಾವಿರ ಲೀಟರಿನ ಹತ್ತಿರ ಪೆಟ್ರೋಲು ಬೇಕು. ಬಿ ಗಾಡಿಗೆ ಅದರ ಅರ್ಧವೂ ಬೇಡ. ಬಾಡಿಗೆ, ಉದ್ದ, ಎತ್ತರ, ಹಾಸಿಗೆ, ಓಡಿಸುವ ಸುಲಭ, ಹೀಗೆ ಒಂಬತ್ತು ಸಾಲು. ಎಂಟನೆಯ ಸಾಲು ಟಾಯ್ಲೆಟ್ಟು. ಅದರ ಮುಂದೆ ಮೂರು ಮನೆಗಳಲ್ಲೂ 'ಇದೆ, ಇದೆ, ಇದೆ' ಎಂದು ಬರೆದಿತ್ತು. ನಾನು ಪರೀಕ್ಷೆಯ ಉತ್ತರಪತ್ರಿಕೆಯನ್ನು ನೋಡುವಂತೆ ನೋಡಿ, "ಸರಿಯಾಗಿದೆ" ಎಂದೆ.

ಅಳಿಯನ ಮನಸ್ಸು ಬಿ ಮೇಲಿತ್ತು. ಅದಕ್ಕೆ ದುಡ್ಡೊಂದೇ ಕಾರಣವಲ್ಲ. ಗ್ಲೇಸಿಯರ್ ಪಾರ್ಕಿನ ನಡುವೆ ಬೆಟ್ಟ ಕೊರೆದು ಮಾಡಿದ ರಸ್ತೆಯೊಂದಿದೆ. ಹೆಸರೇ ಗೋಯಿಂಗ್ ಟು ದಿ ಸನ್ ರೋಡ್, ಸೂರ್ಯನೆಡೆಗೆ ಹೋಗುವ ದಾರಿ. 1932ರಲ್ಲಿ ಮುಗಿದದ್ದು, ಐವತ್ತು ಮೈಲಿ ಉದ್ದ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಅದರ ಕಡಿದಾದ ಭಾಗದಲ್ಲಿ 21 ಅಡಿಗಿಂತ ಉದ್ದದ, ಎಂಟು ಅಡಿಗಿಂತ ಅಗಲದ ಗಾಡಿಗಳನ್ನು ಬಿಡುವುದಿಲ್ಲ. ಆ ರಸ್ತೆಯನ್ನು ತಾನೇ ಓಡಿಸಿಕೊಂಡು ಹೋಗಬೇಕೆಂಬುದು ಅವನು ಈ ದೇಶಕ್ಕೆ ಬಂದಾಗಿನಿಂದ ಇಟ್ಟುಕೊಂಡಿದ್ದ ಆಸೆ. ಹತ್ತೊಂಬತ್ತು ಅಡಿಯ ಬಿ ಗಾಡಿ ಮಾತ್ರ ಅಲ್ಲಿಗೆ ಸಲ್ಲುತ್ತಿತ್ತು.

ಶನಿವಾರ ಬಾಡಿಗೆಯವರ ಅಂಗಳಕ್ಕೆ ಹೋದೆವು. ಮೊದಲು ಎ ಗಾಡಿ ಹತ್ತಿದೆವು. ಮೂವತ್ತೆರಡು ಅಡಿ. ಗುಂಡಿಯೊಂದನ್ನು ಒತ್ತಿದರೆ ಮೇಜಿನ ಡ್ರಾಯರಿನಂತೆ ಗೋಡೆಯೇ ಆಚೆಗೆ ಸರಿದು ಕೋಣೆ ಅಗಲವಾಯಿತು. ಸೋಫಾ, ಊಟದ ಮೇಜು, ಹಿಂದೆ ದೊಡ್ಡ ಮಂಚ, ಸ್ನಾನಕ್ಕೆ ಬೇರೆ ಜಾಗ. ಮೈಸೂರಿನಲ್ಲಿ ನಾವು ಮದುವೆಯಾದ ಹೊಸದರಲ್ಲಿ ಬಾಡಿಗೆಗಿದ್ದ ವಠಾರದ ಮನೆ ಇಷ್ಟು ಅನುಕೂಲವಾಗಿರಲಿಲ್ಲ. ಆದರೆ ಅಳಿಯ ಸ್ಟಿಯರಿಂಗಿನ ಮುಂದೆ ಕೂತು ಹಿಂದಕ್ಕೆ ತಿರುಗಿ ನೋಡಿದವನು ಮುಖ ಸಣ್ಣಗೆ ಮಾಡಿಕೊಂಡು ಇಳಿದುಬಿಟ್ಟ. ಬಾಡಿಗೆಯ ಮೊತ್ತ ಕೇಳಿ ನಾನೂ ಇಳಿದೆ.

ಬಿ ಗಾಡಿ ಚೆಂದವಾಗಿತ್ತು. ಜಾಣ ಹೆಂಗಸು ಕಟ್ಟಿದ ಬುತ್ತಿಯಂತೆ ಎಲ್ಲವೂ ಅದರದರ ಜಾಗದಲ್ಲಿ. ಸೀಟು ಮಡಿಸಿದರೆ ಮಂಚ. ಮೇಲಿನ ಛಾವಣಿ ಎತ್ತಿದರೆ ಇಬ್ಬರಿಗೆ ಇನ್ನೊಂದು ಹಾಸಿಗೆ. ಒಲೆಯ ಪಕ್ಕದಲ್ಲಿ ಬೀರುವಿನಂಥದ್ದನ್ನು ತೆರೆದು ಅಳಿಯ ಹೆಮ್ಮೆಯಿಂದ, "ಅತ್ತೆ, ನೋಡಿ, ಸ್ನಾನವೂ ಇಲ್ಲೇ, ಎಲ್ಲಾನೂ ಇಲ್ಲೇ" ಎಂದ. ಒಳಗೆ ಕಮೋಡು, ಅದರ ಮೇಲೇ ಷವರು. ಬಾಗಿಲೆಂದರೆ ಮಡಿಕೆ ಮಡಿಕೆಯಾಗಿ ಸರಿಯುವ ತೆಳು ಪರದೆ. ರಾತ್ರಿ ಮಂಚ ಬಿಚ್ಚಿದರೆ ಅದರ ಅಂಚನ್ನು ದಾಟಿ, ಮೇಲೆ ಮಲಗಿದವರ ತಲೆಯ ಕೆಳಗೇ ಹಾದು ಅಲ್ಲಿಗೆ ಹೋಗಬೇಕು. ನನ್ನಾಕೆ ನೋಡಿ, "ಚೆನ್ನಾಗಿದೆ" ಎಂದಳು. ಅಡುಗೆಯ ಒಲೆಗೂ ಅದಕ್ಕೂ ಎರಡಡಿ ಅಂತರವಿದ್ದದ್ದಕ್ಕೆ ಅವಳು ಮಡಿಯ ಮಾತು ತೆಗೆದಾಳು ಎಂದು ನಾನು ಹೆದರಿದ್ದೆ. ತೆಗೆಯಲಿಲ್ಲ. ಸಿ ಗಾಡಿಗಳೆಲ್ಲ ಬಾಡಿಗೆಗೆ ಹೋಗಿದ್ದವು. ಮುಂದಿನ ವಾರ ಬರುತ್ತವೆ ಎಂದರು.

ಮನೆಗೆ ಬರುವಾಗ ಕಾರಿನಲ್ಲಿ ಅವಳು, "ನೀವು ಮೂವರೂ ಹೋಗಿ ಬನ್ನಿ. ನಾನು ಮನೇಲಿರ್ತೀನಿ. ಗಿಡಗಳಿಗೆ ನೀರು ಹಾಕೋರು ಬೇಕಲ್ಲ" ಎಂದಳು. ಅಳಿಯ ಕಂಗಾಲಾದ. ನಾನು, "ಸುಸ್ತಾಗಿದೆ ಅವಳಿಗೆ, ನಾಳೆ ಸರಿ ಹೋಗ್ತಾಳೆ" ಎಂದು ಪಂಡಿತನಂತೆ ತೀರ್ಪು ಕೊಟ್ಟೆ.

ರಾತ್ರಿ ಪಾತ್ರೆ ಒರೆಸುತ್ತಾ ಮಗಳು ಮೆಲ್ಲಗೆ ಕೇಳಿದಳು: "ಅಪ್ಪ, ಅಮ್ಮ ಪ್ರಯಾಣದಲ್ಲಿ ನೀರು ಕುಡಿಯೋದನ್ನ ಯಾವತ್ತಾದ್ರೂ ನೋಡಿದೀರಾ?"

ಯೋಚಿಸಿದೆ. ನೋಡಿರಲಿಲ್ಲ. ಧರ್ಮಸ್ಥಳಕ್ಕೆ ಹೋದಾಗ, ತಿರುಪತಿಗೆ ಹೋದಾಗ, ನಾದಿನಿಯ ಮದುವೆಗೆ ಶಿವಮೊಗ್ಗಕ್ಕೆ ಹೋದಾಗ, ನಾನು ಬಾಟಲಿ ಮುಂದೆ ಹಿಡಿದರೆ 'ಬೇಡ, ಬಾಯಾರಿಕೆ ಇಲ್ಲ' ಎನ್ನುತ್ತಿದ್ದಳು. ಕೆಲವರಿಗೆ ಬಾಯಾರಿಕೆ ಕಡಿಮೆ ಎಂದುಕೊಂಡಿದ್ದೆ. ಹಿಂದಿನ ರಾತ್ರಿಯಿಂದಲೇ ಅವಳು ನೀರು ಬಿಡುತ್ತಿದ್ದಳಂತೆ. ಬಸ್ಸು ನಿಲ್ಲಿಸಿದ ಕಡೆ ಗಂಡಸರು ಬೇಲಿಯ ಕಡೆ ಮುಖ ಮಾಡಿದರೆ ಮುಗಿಯಿತು. ಅವಳು ಸೀಟಿನಲ್ಲೇ ಕೂತಿರುತ್ತಿದ್ದಳು. 2009ರಲ್ಲಿ ಮೂತ್ರಪಿಂಡದಲ್ಲಿ ಕಲ್ಲಾಗಿ ಒದ್ದಾಡಿದಾಗ ವೈದ್ಯರು ನೀರು ಜಾಸ್ತಿ ಕುಡಿಯಿರಿ ಎಂದು ಗದರಿದ್ದರು. ಅವರ ಜೊತೆ ಸೇರಿ ನಾನೂ ಗದರಿದ್ದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ವೈರಮುಡಿಯ ಗಾಡಿ ನೆನಪಾಯಿತು. ಅದರಲ್ಲಿದ್ದ ಅಮ್ಮ, ಚಿಕ್ಕಮ್ಮ, ಅತ್ತೆಯರು ಕೋಳಿ ಕೂಗುವ ಮೊದಲು ಒಮ್ಮೆ, ಕತ್ತಲಾದ ಮೇಲೆ ಒಮ್ಮೆ ಚೊಂಬು ಹಿಡಿದು ಲಂಟಾನದ ಪೊದೆಗಳ ಕಡೆ ಗುಂಪಾಗಿ ಹೋಗುತ್ತಿದ್ದರು. ನಡುವಿನ ಹಗಲೆಲ್ಲ ಅವರು ಹೇಗಿದ್ದರು ಎಂದು ನಾವು ಕೇಳಲಿಲ್ಲ. ಇನ್ನೂ ನಾಚಿಕೆಯಾದದ್ದು ಶಾಲೆಯ ಪ್ರವಾಸಗಳು ನೆನಪಾಗಿ. ಬೇಲೂರು, ಹಳೇಬೀಡು, ಶ್ರವಣಬೆಳಗೊಳಕ್ಕೆ ಎಷ್ಟು ಸಲ ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೆ! ಬಸ್ಸು ಗೊತ್ತು ಮಾಡುವಾಗ ಟಯರು ನೋಡುತ್ತಿದ್ದೆ, ಸೀಟು ಎಣಿಸುತ್ತಿದ್ದೆ, ಹುಡುಗರು ಕೇಳುತ್ತಾರೆಂದು ಟೇಪ್ ರೆಕಾರ್ಡರ್ ಇದೆಯೇ ಎಂದು ವಿಚಾರಿಸುತ್ತಿದ್ದೆ. ಹುಡುಗಿಯರು ಎಲ್ಲಿ ಇಳಿಯಬೇಕು ಎಂಬುದನ್ನು ವಿಚಾರಿಸಲಿಲ್ಲ. ಬೆಟ್ಟ ಹತ್ತುವಾಗ ತಲೆಸುತ್ತು ಬಂದು ಕೂತ ಹುಡುಗಿಗೆ, "ನೀರು ಕುಡಿಯೋಕೇನು ರೋಗ?" ಎಂದು ಎಲ್ಲರೆದುರು ಬೈದಿದ್ದೆ. ಅವಳು ತಲೆ ತಗ್ಗಿಸಿದ್ದು ಈಗ ಅರ್ಥವಾಯಿತು.

ಮಾರನೆಯ ದಿನ ಅಳಿಯನ ಪಟ್ಟಿ ತರಿಸಿ ಎಂಟನೆಯ ಸಾಲಿನ ಮೇಲೆ ಬೆರಳಿಟ್ಟೆ. "ಇದ್ದರೆ ಸಾಲದಪ್ಪ, ಹೇಗಿದೆ ಅಂತ ಬರೀಬೇಕು" ಎಂದೆ. ಅವನು, "ಮಾವ, ಹೆದ್ದಾರಿ ಉದ್ದಕ್ಕೂ ಶೌಚಾಲಯ ಇರತ್ತೆ, ಕ್ಯಾಂಪಿನಲ್ಲೂ ಇರತ್ತೆ" ಎಂದ. ಹಗಲಿಗೆ ಅದು ಸರಿ. ಆದರೆ ನಾವು ಹೊರಟದ್ದು ಕರಡಿಗಳ ಸೀಮೆಗೆ. ಯೆಲ್ಲೊಸ್ಟೋನಿನ ಫಿಶಿಂಗ್ ಬ್ರಿಡ್ಜ್ ಎಂಬ ತಾಣದಲ್ಲಿ ಕರಡಿಯ ಭಯಕ್ಕೆ ಬಟ್ಟೆಯ ಡೇರೆಗಳನ್ನೇ ಹಾಕಗೊಡುವುದಿಲ್ಲ, ಗಟ್ಟಿ ಗೋಡೆಯ ಗಾಡಿಗಳು ಮಾತ್ರ. ಅಂಥ ಕಡೆ ರಾತ್ರಿ ಎರಡು ಗಂಟೆಗೆ ಟಾರ್ಚು ಹಿಡಿದು ಅರವತ್ತಾರು ವರ್ಷದ ಹೆಂಗಸು ಎಲ್ಲಿಗೆ ಹೋಗಬೇಕು? ಹೋಗುವುದಿಲ್ಲ. ನೀರು ಬಿಡುತ್ತಾಳೆ, ಅಷ್ಟೆ. ಅಳಿಯ ಒಂದು ನಿಮಿಷ ಸುಮ್ಮನಿದ್ದು, ಪಟ್ಟಿಯನ್ನು ಮಡಿಸಿಟ್ಟ.

ಮುಂದಿನ ಶನಿವಾರ ಸಿ ಗಾಡಿ ಬಂದಿತ್ತು. ಇಪ್ಪತ್ತೈದು ಅಡಿ. ಮುಂದಿನ ಅಟ್ಟದಲ್ಲಿ ಮಗಳು ಅಳಿಯ, ಹಿಂದಿನ ಮೂಲೆಯ ಮಂಚದಲ್ಲಿ ನಾವು, ಮಂಚದ ಪಕ್ಕದಲ್ಲೇ ಟಾಯ್ಲೆಟ್ಟು. ಯಾರನ್ನೂ ದಾಟಬೇಕಾಗಿಲ್ಲ. ಬಾಗಿಲು ಮರದ್ದು. "ಈ ಸಲ ನೀನೇ ಆರಿಸು" ಎಂದೆ. "ನನಗೇನು ಗೊತ್ತಾಗತ್ತೆ ಗಾಡಿ ವಿಷಯ" ಎಂದವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕ ಬಿದ್ದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದಲೇ ಸಣ್ಣ ದನಿಯಲ್ಲಿ, "ಏನೂಂದ್ರೆ, ನಾನು ಮಾತಾಡಿದ್ದು ಕೇಳಿಸತ್ತಾ?" ಎಂದಳು.

"ಇಲ್ಲ" ಎಂದೆ.

ಮಗಳು ಬಾಯಿಗೆ ಸೆರಗಿಲ್ಲದೆ ಕೈ ಅಡ್ಡ ಹಿಡಿದು ನಕ್ಕಳು. ನನ್ನಾಕೆ ಹೊರಗೆ ಬಂದು ಚಿಲಕವನ್ನು ಇನ್ನೊಂದು ಸಲ ಎಳೆದು ನೋಡಿ, "ಇದು ಆಗತ್ತೆ" ಎಂದಳು. ಸಿ ಸೆಕ್ಷನ್ನಿಗೆ ನನ್ನ ಜೀವಮಾನದಲ್ಲಿ ಸಿಕ್ಕಿದ ಮೊದಲ ರ‍್ಯಾಂಕು ಅದು.

ಹೀಗೆ ಪಡೆದುಕೊಂಡದ್ದಕ್ಕೆ ಬೆಲೆಯೂ ಇತ್ತು. ಸಿ ಗಾಡಿ ಗಾಳಿಗೆ ಓಲಾಡುತ್ತದೆ. ಹನ್ನೊಂದು ಅಡಿ ಎತ್ತರದ್ದಾದ್ದರಿಂದ ಮರದ ಕೊಂಬೆ ಕಂಡರೆ ಎದೆ ಹೊಡೆದುಕೊಳ್ಳುತ್ತದೆ. ತಿರುಗಿಸುವಾಗ ಹಿಂಭಾಗ ಎತ್ತಲೋ ಬೀಸುತ್ತದೆ. ನಾನು ಪ್ರತಿ ಕ್ಯಾಂಪಿನಲ್ಲೂ ಇಳಿದು ಕಂಡಕ್ಟರನಂತೆ "ಬರ್ಲಿ, ಬರ್ಲಿ, ರೈಟ್" ಎಂದು ಕೂಗುತ್ತಿದ್ದೆ. ಓಡುವಾಗ ಬೆಲ್ಟು ಬಿಚ್ಚಿ ಓಡಾಡುವಂತಿಲ್ಲ. ನನ್ನಾಕೆ "ಒಂಚೂರು ನಿಲ್ಲಿಸಪ್ಪ" ಎಂದರೆ ಅಳಿಯ ಜಾಗ ನೋಡಿ ನಿಲ್ಲಿಸುತ್ತಿದ್ದ. ಹಾಗೆ ಕೇಳಲು ಅವಳಿಗೆ ಎರಡು ದಿನ ಹಿಡಿಯಿತು.

ಇನ್ನೊಂದು ಕೆಲಸವಿತ್ತು. ಗಾಡಿಯ ಹೊಟ್ಟೆಯಲ್ಲಿ ಮೂರು ತೊಟ್ಟಿಗಳು: ಒಳ್ಳೆಯ ನೀರಿಗೆ ಒಂದು, ನಮ್ಮದರಲ್ಲಿ ಸುಮಾರು 150 ಲೀಟರು, ಪಾತ್ರೆ ತೊಳೆದ, ಸ್ನಾನದ ನೀರಿಗೆ ಒಂದು, ಮೂರನೆಯದು ಕಮೋಡಿನದು. ಕೊನೆಯ ಎರಡನ್ನೂ ಆಗಾಗ ಅದಕ್ಕೆಂದೇ ಇರುವ ಜಾಗದಲ್ಲಿ ದಪ್ಪ ಕೊಳವೆ ಸಿಕ್ಕಿಸಿ ಖಾಲಿ ಮಾಡಬೇಕು. ಕಮೋಡಿನ ತೊಟ್ಟಿಯನ್ನು ಮೊದಲು ಬಿಡಬೇಕು, ಸ್ನಾನದ ನೀರನ್ನು ಆಮೇಲೆ, ಕೊಳವೆ ತೊಳೆದು ಹೋಗಲಿ ಎಂದು. ಮೊದಲ ದಿನ ಅಳಿಯ ಕೈಗವಸು ಹಾಕಿಕೊಳ್ಳುತ್ತಿದ್ದಾಗ, "ಈ ಕೆಲಸ ನನ್ನದು" ಎಂದು ಕಿತ್ತುಕೊಂಡೆ. ಡರ್ಬನ್ನಿನ ಮನೆಯಲ್ಲಿ ಮೂತ್ರದ ಪಾತ್ರೆ ಎತ್ತುವ ವಿಷಯಕ್ಕೆ ಗಾಂಧೀಜಿ ಕಸ್ತೂರಬಾ ಮೇಲೆ ಕೂಗಾಡಿದ್ದನ್ನು, ಆಮೇಲೆ ನಾಚಿಕೊಂಡದ್ದನ್ನು ಆತ್ಮಕಥೆಯಲ್ಲಿ ಬರೆದಿದ್ದಾರೆ. ಅದನ್ನು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೆ. ಹೇಳುವಾಗ ಮೂಗಿಗೆ ವಾಸನೆ ಬಂದಿರಲಿಲ್ಲ, ಈಗ ಬಂತು. ನನ್ನಾಕೆ ಕಿಟಕಿಯಿಂದ ನೋಡಿ, "ಅಯ್ಯೋ, ನೀವ್ಯಾಕೆ?" ಎಂದಳು. ಉತ್ತರ ಹೊಳೆಯದೆ, "ರಿಟೈರಾದ ಮೇಲೆ ಕೆಲಸ ಬೇಕಲ್ಲ" ಎಂದೆ.

ಗ್ಲೇಸಿಯರಿನಲ್ಲಿ ನಮ್ಮ ಗಾಡಿಯನ್ನು ಕ್ಯಾಂಪಿನಲ್ಲೇ ಬಿಟ್ಟು, ಪಾರ್ಕಿನ ಹಳೆಯ ಕೆಂಪು ಬಸ್ಸು ಹತ್ತಿದೆವು. 1930ರ ದಶಕದಲ್ಲಿ ಮಾಡಿದ ಬಸ್ಸುಗಳು ಅವು. ಮೇಲಿನ ಕ್ಯಾನ್ವಾಸನ್ನು ಸುತ್ತಿಟ್ಟರೆ ತಲೆಯ ಮೇಲೆ ಆಕಾಶವೇ. ಅಳಿಯ ಸ್ಟಿಯರಿಂಗಿಲ್ಲದ ಬರಿಗೈಯನ್ನು ಮಡಿಲಲ್ಲಿಟ್ಟುಕೊಂಡು ಪ್ರಪಾತ ನೋಡುತ್ತಿದ್ದ. "ಬೇಜಾರಾಯ್ತೇನಪ್ಪ?" ಎಂದೆ. "ಇಲ್ಲ ಮಾವ, ಓಡಿಸ್ತಾ ಇದ್ದಿದ್ರೆ ರಸ್ತೆ ಮಾತ್ರ ಕಾಣ್ತಿತ್ತು" ಎಂದ. ಅದು ಪೂರ್ತಿ ನಿಜವಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಹೊರಡುವ ಮೊದಲು ನನ್ನಾಕೆ ಡ್ರೈವರನ್ನು ಮಗಳ ಮೂಲಕ ಏನೋ ವಿಚಾರಿಸಿದ್ದಳು. 6,646 ಅಡಿ ಎತ್ತರದ ಲೋಗನ್ ಪಾಸಿನಲ್ಲಿ ಬಸ್ಸು ನಿಲ್ಲುತ್ತದೆ, ಅಲ್ಲಿ ಶೌಚಾಲಯವಿದೆ ಎಂದು ತಿಳಿದ ಮೇಲೆಯೇ ಹತ್ತಿದ್ದು. ಅರ್ಧ ಬೆಟ್ಟ ಏರಿದಾಗ ಅವಳು ನನ್ನ ಕಡೆ ಕೈ ಚಾಚಿ, "ಆ ಬಾಟಲಿ ಕೊಡಿ ಇಲ್ಲಿ" ಎಂದಳು.

ಊರಿಗೆ ಬಂದ ಮೇಲೆ ಸ್ನೇಹಿತರು ಆಗಾಗ ಕೇಳುತ್ತಾರೆ. ಅವರ ಮಕ್ಕಳೂ ಅಮೆರಿಕದಲ್ಲಿದ್ದಾರೆ, ಅವರಿಗೂ ಆ ಮನೆಗಾಡಿಯ ಆಸೆ. ಮೂರರಲ್ಲಿ ಯಾವುದು ಒಳ್ಳೆಯದು ಮೇಷ್ಟ್ರೇ? ಇಬ್ಬರೇ ಆದರೆ, ಗಟ್ಟಿಮುಟ್ಟಾಗಿದ್ದರೆ ಬಿ. ಒಂದೇ ಕಡೆ ವಾರಗಟ್ಟಲೆ ತಂಗುವವರಾದರೆ, ದುಡ್ಡಿದ್ದರೆ ಎ. ನಾಲ್ಕು ಜನ, ಎರಡು ತಲೆಮಾರು ಅಂದರೆ ಸಿ. ಇಷ್ಟು ಹೇಳಿ, ಮೈಲೇಜಿನ ಲೆಕ್ಕವನ್ನೂ ಕೊಟ್ಟು, ಕೊನೆಗೆ, "ಯಾವುದಕ್ಕೂ ಮೊದಲು ಮನೆಯವರನ್ನ ಒಳಗೆ ಕಳಿಸಿ, ಚಿಲಕ ಹಾಕಿ ನೋಡೋಕೆ ಹೇಳಿ" ಎನ್ನುತ್ತೇನೆ. ಅವರು ತಮಾಷೆಯೆಂದುಕೊಂಡು ನಗುತ್ತಾರೆ. ಒಳಗೆ ಕಾಫಿ ಬೆರೆಸುತ್ತಿರುವ ನನ್ನಾಕೆ ಮಾತ್ರ ನಗುವುದಿಲ್ಲ.